ಕ್ಯಾಮ್‌ಶಾಫ್ಟ್ ಡ್ಯುರೇಶನ್, ಲಿಫ್ಟ್: ನಮ್ಮ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಹಳೇ ಕಾರು ರೀಸ್ಟೋರ್ ಮಾಡುವವರು, ಆಟೋಕ್ರಾಸಿಗೆ ಗಾಡಿ ರೆಡಿ ಮಾಡುವ ಹುಡುಗರು, ಮಣಿಪಾಲ ಸುರತ್ಕಲ್ ಕಡೆಯ ಇಂಜಿನಿಯರಿಂಗ್ ಮಕ್ಕಳು, ಇವರೆಲ್ಲ ಕ್ಯಾಮ್ (ಎಂಜಿನಿನ ವಾಲ್ವ್ ತೆರೆಯುವ, ಉಬ್ಬುಗಳಿರುವ ಶಾಫ್ಟ್) ಬಗ್ಗೆ ಫೋನಲ್ಲಿ, ಮೆಸೇಜಲ್ಲಿ, ಗ್ಯಾರೇಜಲ್ಲಿ ನಿಂತ್ಕೊಂಡು ಕೇಳುದು ಹೆಚ್ಚುಕಮ್ಮಿ ಇವೇ ಪ್ರಶ್ನೆ. ಅವರು ಕೇಳಿದ ಮಾತಲ್ಲೇ ಬರೆದಿದ್ದೇನೆ. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ, ನಿಮಗೆ ಬೇಕಾದ್ದಕ್ಕೆ ಸೀದಾ ಹೋಗಬಹುದು.

## ಬುಡದಿಂದ ಶುರು

ಅಣ್ಣಾ, ಈ ಡ್ಯುರೇಶನ್, ಲಿಫ್ಟ್ ಅಂದ್ರೆ ಎಂಥದು? ಸಿಂಪಲ್ಲಾಗಿ ಹೇಳಿ

ವಾಲ್ವ್ (ಸಿಲಿಂಡರಿಗೆ ಗಾಳಿ ಒಳಗೆ, ಹೊಗೆ ಹೊರಗೆ ಬಿಡುವ ಬಾಗಿಲು) ತನ್ನ ಸೀಟಿಂದ ಎಷ್ಟು ಮಿಲಿಮೀಟರ್ ಏಳ್ತದೆ ಅನ್ನುದು ಲಿಫ್ಟ್. ಎಷ್ಟು ಹೊತ್ತು ತೆರೆದಿರ್ತದೆ ಅನ್ನುದು ಡ್ಯುರೇಶನ್, ಆದ್ರೆ ಆ ಹೊತ್ತನ್ನು ಸೆಕೆಂಡಲ್ಲಿ ಅಲ್ಲ, ಕ್ರ್ಯಾಂಕ್ (ಪಿಸ್ಟನ್ ತಿರುಗಿಸುವ ಮುಖ್ಯ ಶಾಫ್ಟ್) ಎಷ್ಟು ಡಿಗ್ರಿ ತಿರುಗಿತು ಅಂತ ಲೆಕ್ಕ ಹಾಕುದು. ನಮ್ಮ ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಲ್ಲಿ ಸಿಟಿ ಬಸ್ಸಿಗೆ ಜನ ಹತ್ತುದು ನೋಡಿ, ಬಾಗಿಲು ಎಷ್ಟು ಅಗಲ ಅನ್ನುದು ಲಿಫ್ಟ್, ಕಂಡಕ್ಟರ್ ರೈಟ್ ಹೇಳುವವರೆಗೆ ಬಸ್ಸು ಎಷ್ಟು ಹೊತ್ತು ನಿಂತಿತು ಅನ್ನುದು ಡ್ಯುರೇಶನ್. ಒಳಗೆ ಎಷ್ಟು ಜನ ಹತ್ತಿದ್ರು ಅನ್ನುದು ಎರಡೂ ಸೇರಿ ಆಗುವ ಲೆಕ್ಕ.

260 ಡಿಗ್ರಿ ಅಂದ್ರೆ ಕ್ಯಾಮ್ ಡಿಗ್ರಿಯಾ, ಕ್ರ್ಯಾಂಕ್ ಡಿಗ್ರಿಯಾ?

ಕ್ರ್ಯಾಂಕ್ ಡಿಗ್ರಿ. ಫೋರ್ ಸ್ಟ್ರೋಕ್ ಎಂಜಿನಲ್ಲಿ ಒಂದು ಸೈಕಲ್ ಮುಗೀಬೇಕಾದ್ರೆ ಕ್ರ್ಯಾಂಕ್ ಎರಡು ಸುತ್ತು, ಅಂದ್ರೆ 720 ಡಿಗ್ರಿ, ಅಷ್ಟ್ರಲ್ಲಿ ಕ್ಯಾಮ್ ಒಂದೇ ಸುತ್ತು. ಹಾಗಾಗಿ 260 ಕ್ರ್ಯಾಂಕ್ ಡಿಗ್ರಿ ಅಂದ್ರೆ ಕ್ಯಾಮಲ್ಲಿ 130.

ಡಿಗ್ರಿ ಬದಲಾಗದಿದ್ರೂ ಟೈಮ್ ಬದಲಾಗ್ತದೆ, ಇದು ತಲೆಯಲ್ಲಿ ಕೂತ್ರೆ ಮುಂದಿನದ್ದೆಲ್ಲ ಸುಲಭ. ಅದೇ 260 ಡಿಗ್ರಿ 1000 ಆರ್‌ಪಿಎಂನಲ್ಲಿ ಸುಮಾರು 43 ಮಿಲಿಸೆಕೆಂಡ್, 6000ದಲ್ಲಿ 7 ಮಿಲಿಸೆಕೆಂಡ್ ಚಿಲ್ಲರೆ ಅಷ್ಟೇ. ಗಾಳಿ ಒಳಗೆ ಬರ್ಲಿಕ್ಕೆ ಅಷ್ಟೇ ಟೈಮ್ ಸಿಗುದು, ಅದಕ್ಕೇ ಮೇಲಿನ ಆರ್‌ಪಿಎಂನಲ್ಲಿ ಎಳೀಬೇಕು ಅನ್ನುವ ಎಂಜಿನಿಗೆ ಉದ್ದ ಡ್ಯುರೇಶನ್ ಇಡುದು.

ಕ್ಯಾಮ್ ಅಳತೆ ಮಾಡಿದ್ರೆ 6 ಮಿಲಿಮೀಟರ್ ಬಂತು, ಕ್ಯಾಮ್ ಜೊತೆ ಬಂದ ಕಾರ್ಡಲ್ಲಿ 9 ಅಂತ ಉಂಟು. ಮೋಸ ಹೋದ್ನಾ?

ಇಲ್ಲ ಮಾರ್ರೆ. ನೀವು ಅಳೆದದ್ದು ಲೋಬ್ ಲಿಫ್ಟ್, ಅಂದ್ರೆ ಕ್ಯಾಮಿನ ಉಬ್ಬಿನ ಎತ್ತರ, ಕಾರ್ಡಲ್ಲಿ ಇರುದು ವಾಲ್ವ್ ಲಿಫ್ಟ್. ಮಧ್ಯದಲ್ಲಿ ವಾಲ್ವನ್ನು ಒತ್ತುವ ಸನ್ನೆ, ರಾಕರ್ ಉಂಟಲ್ಲ, ಅದರ ರೇಶಿಯೋ 1.5 ಆದ್ರೆ 6ಕ್ಕೆ 1.5 ಗುಣಿಸಿ, 9 ಬರ್ತದೆ. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ತರದ ಪುಶ್‌ರಾಡ್ (ಕ್ಯಾಮ್ ಕೆಳಗಿದ್ದು ಉದ್ದ ಕಡ್ಡಿಯಿಂದ ರಾಕರ್ ಎತ್ತುವ) ಎಂಜಿನಲ್ಲೂ ಹೀಗೆ ರಾಕರ್ ಲೆಕ್ಕ ಹಿಡೀಬೇಕು, ಮೇಲೆ ಕ್ಯಾಮ್ ಇದ್ದು ರಾಕರ್ ಇರುವ ಎಂಜಿನಲ್ಲೂ ಹಾಗೇ. ಕ್ಯಾಮ್ ಸೀದಾ ಬಕೆಟ್ ಟ್ಯಾಪೆಟ್ (ಲೋಬ್ ಮತ್ತೆ ವಾಲ್ವ್ ಮಧ್ಯದ ಬಟ್ಟಲಿನಂಥ ತುಂಡು) ಮೇಲೆ ಕೂತಿದ್ರೆ ಮಾತ್ರ ಗುಣಿಸ್ಲಿಕ್ಕೆ ಇಲ್ಲ, ಲೋಬ್ ಲಿಫ್ಟೇ ವಾಲ್ವ್ ಲಿಫ್ಟ್. ಎಲ್ಲಿಯಾದ್ರೂ ಟ್ಯಾಪೆಟ್ ಗ್ಯಾಪ್ ಬಿಡುವ ಟೈಪ್ ಆದ್ರೆ ಆ ಗ್ಯಾಪ್ ಕಳೀಬೇಕು.

ಅಳೆಯುದು ಹೀಗೆ: ವರ್ನಿಯರಲ್ಲಿ ಲೋಬಿನ ತುದಿಯಿಂದ ಹಿಂಬದಿಯವರೆಗೆ ಎಷ್ಟು ನೋಡಿ, 38 ಅಂತ ಇಟ್ಕೊಳ್ಳಿ, ಅಡ್ಡಕ್ಕೆ ಬೇಸ್ ಸರ್ಕಲ್ (ಉಬ್ಬಿಲ್ಲದ ಗುಂಡು ಭಾಗ) ವ್ಯಾಸ 32, ವ್ಯತ್ಯಾಸ 6. ಉದ್ದ ಡ್ಯುರೇಶನ್ ಇರುವ ಲೋಬಲ್ಲಿ ಅಡ್ಡ ಅಳತೆ ರ‍್ಯಾಂಪ್ ಮೇಲೆ (ಉಬ್ಬು ಶುರು ಆಗುವ ಇಳಿಜಾರು) ಬಿದ್ದು ತಪ್ಪು ಬರ್ತದೆ, ಅಂಥದ್ದಕ್ಕೆ ಡಯಲ್ ಗೇಜೇ ಬೇಕು.

ಸರ್, ಲಿಫ್ಟು ಡ್ಯುರೇಶನ್ನು ಎರಡೂ ಜಾಸ್ತಿ ಇರುವ ಕ್ಯಾಮ್ ಹಾಕಿದ್ರೆ ಪಿಕಪ್ ಜಾಸ್ತಿ ಆಗ್ತದಲ್ಲ?

ನಿಮ್ಮ ಪಿಕಪ್ ಯಾವ ಆರ್‌ಪಿಎಂನಲ್ಲಿ ಅಂತ ಮೊದಲು ಹೇಳಿ. ನಮ್ಮ ಜನ ಪಿಕಪ್ ಅನ್ನುದು ಎರಡನೇ ಗೇರಲ್ಲಿ ಆಕ್ಸಿಲರೇಟರ್ ಒತ್ತಿದ ಕೂಡ್ಲೆ ಗಾಡಿ ಮುಂದೆ ಹೋಗುದಕ್ಕೆ, ಅದು 1500ರಿಂದ 3000ದ ಒಳಗಿನ ವಿಷಯ. ಉದ್ದ ಡ್ಯುರೇಶನ್ ಕ್ಯಾಮ್ ಅಲ್ಲೇ ಕೈ ಕೊಡುದು. ಅದರ ಗಮ್ಮತ್ತು ಇರುದು 4500ರ ಮೇಲೆ, ನಂತೂರು ಪಂಪ್‌ವೆಲ್ ಟ್ರಾಫಿಕಲ್ಲಿ ಅಥವಾ ಶಿರಾಡಿಯಲ್ಲಿ ಲೋಡ್ ಲಾರಿ ಹಿಂದೆ ಹೋಗುವಾಗ ನಿಮಗೆ ಆ ಆರ್‌ಪಿಎಂ ಸಿಗುದೇ ಇಲ್ಲ.

ಲಿಫ್ಟ್ ಮಾತು ಬೇರೆ. ಡ್ಯುರೇಶನ್ ಹಾಗೇ ಇಟ್ಟು ಲಿಫ್ಟ್ ಸ್ವಲ್ಪ ಏರಿಸಿದ್ರೆ ಕೆಳಗಿನ ಟಾರ್ಕಿಗೆ ದೊಡ್ಡ ಪೆಟ್ಟು ಬೀಳುದಿಲ್ಲ, ಅದರ ಬೆಲೆ ಕಟ್ಟುದು ಸ್ಪ್ರಿಂಗು, ರಾಕರು, ಲೋಬು. ದಿನಾ ಓಡಿಸುವ ಗಾಡಿಗೆ ಎರಡು ಕ್ಯಾಮ್ ಮಧ್ಯೆ ಯಾವುದು ಅಂತ ಡೌಟ್ ಬಂದ್ರೆ ಕಮ್ಮಿ ಡ್ಯುರೇಶನ್ ಇರುದನ್ನೇ ತಗೊಳ್ಳಿ, ಇದು ನಾನು ಎಲ್ಲರಿಗೂ ಹೇಳುವ ಮಾತು.

ನನ್ನ ಕಾರಲ್ಲಿ ವಿವಿಟಿ (ವಾಲ್ವ್ ಟೈಮಿಂಗ್ ಬದಲಿಸುವ ಸಿಸ್ಟಮ್) ಉಂಟು. ಅಂದ್ರೆ ಡ್ಯುರೇಶನ್ ತನ್ನಷ್ಟಕ್ಕೆ ಬದಲಾಗ್ತದಾ?

ಹೆಚ್ಚಿನ ಕಾರಲ್ಲಿ ಇಲ್ಲ. ಸುಜುಕಿ ವಿವಿಟಿ, ಟೊಯೋಟಾ ವಿವಿಟಿ-ಐ ಇವು ಕ್ಯಾಮನ್ನು ಹಿಂದೆ ಮುಂದೆ ತಿರುಗಿಸ್ತವೆ ಅಷ್ಟೇ, ವಾಲ್ವ್ ಬೇಗ ತೆರೆದು ಬೇಗ ಮುಚ್ತದೆ ಅಥವಾ ಲೇಟಾಗಿ ತೆರೆದು ಲೇಟಾಗಿ ಮುಚ್ತದೆ, ಲಿಫ್ಟು ಡ್ಯುರೇಶನ್ನು ಎರಡೂ ಹಾಗೇ ಇರ್ತದೆ. ಹೋಂಡಾ 1989ರಲ್ಲಿ ಇಂಟಿಗ್ರಾಕ್ಕೆ ಹಾಕಿದ ವಿಟೆಕ್ ಬೇರೆ ತರ, ಅದರಲ್ಲಿ ಬೇರೆ ಲೋಬೇ ಉಂಟು, ಮೇಲಿನ ಆರ್‌ಪಿಎಂನಲ್ಲಿ ಆ ಲೋಬಿಗೆ ದಾಟಿದಾಗ ಲಿಫ್ಟು ಡ್ಯುರೇಶನ್ನು ಎರಡೂ ಬದಲಾಗ್ತದೆ. ಬಿಎಂಡಬ್ಲ್ಯು 2001ರಲ್ಲಿ ತಂದ ವಾಲ್ವ್‌ಟ್ರಾನಿಕ್ ಲಿಫ್ಟನ್ನೇ ಸ್ವಲ್ಪ ಸ್ವಲ್ಪ ಹೆಚ್ಚು ಕಮ್ಮಿ ಮಾಡ್ತದೆ.

## ಕ್ಯಾಮ್ ಕಾರ್ಡ್ ಓದುದು

ಒಂದೇ ಕ್ಯಾಮಿಗೆ ಒಬ್ರು 270 ಅಂತಾರೆ, ಇನ್ನೊಬ್ರು 224 ಅಂತಾರೆ. ಯಾರದ್ದು ಸುಳ್ಳು?

ಇಬ್ಬರದ್ದೂ ನಿಜ ಇರಬಹುದು. ಎಷ್ಟು ಎತ್ತರದಿಂದ ಅಳತೆ ಶುರು ಮಾಡಿದ್ರು ಅನ್ನುದು ಬೇರೆ. ಲೋಬಿನ ಶುರುವಲ್ಲಿ ರ‍್ಯಾಂಪ್ ಇರ್ತದೆ, ಅಲ್ಲಿ ಟ್ಯಾಪೆಟ್ ತುಂಬ ನಿಧಾನ ಏಳುದು, ಅದನ್ನು ಲೆಕ್ಕಕ್ಕೆ ತಗೊಂಡ್ರೆ ಡಿಗ್ರಿ ಬಡಬಡ ಏರ್ತದೆ, ಬಿಟ್ರೆ ಇಳೀತದೆ. ಅಡ್ವರ್ಟೈಸ್ಡ್ ಡ್ಯುರೇಶನ್ ಅಂತ ಬರೆದದ್ದು ಅಮೆರಿಕದ ಕ್ಯಾಮಲ್ಲಿ ಹೆಚ್ಚಾಗಿ 6 ಥೌ (ಇಂಚಿನ ಸಾವಿರದಲ್ಲಿ 6 ಭಾಗ) ಎತ್ತರದಿಂದ, ಆದ್ರೆ ಒಬ್ಬೊಬ್ಬ ತಯಾರಕರದ್ದು ಒಂದೊಂದು. ಹೋಲಿಸ್ಲಿಕ್ಕೆ ಆಗುದು 50 ಥೌನಲ್ಲಿ ಅಳೆದದ್ದು, ಅಂದ್ರೆ 1.27 ಮಿಲಿಮೀಟರ್. ಜಪಾನ್, ಯುರೋಪ್ ಕಡೆಯದ್ದಕ್ಕೆ 1 ಮಿಲಿಮೀಟರಲ್ಲಿ ಅಳೆಯುದು ಜಾಸ್ತಿ. ಎತ್ತರ ಬರೆಯದೆ ಬರೀ ಡಿಗ್ರಿ ಕೊಟ್ಟಿದ್ರೆ ಆ ನಂಬರ್ ಹಿಡ್ಕೊಂಡು ದುಡ್ಡು ಕೊಡಬೇಡಿ, ಕೇಳಿ ತಿಳ್ಕೊಳ್ಳಿ.

ಎರಡೂ ನಂಬರ್ ಇದ್ರೆ ಇನ್ನೊಂದು ವಿಷಯ ಗೊತ್ತಾಗ್ತದೆ. 270 ಮತ್ತೆ 224 ಇದ್ರೆ ವ್ಯತ್ಯಾಸ 46, 270 ಮತ್ತೆ 214 ಇದ್ರೆ 56. ವ್ಯತ್ಯಾಸ ಕಮ್ಮಿ ಇರುವ ಕ್ಯಾಮ್ ವಾಲ್ವನ್ನು ಬೇಗ ಎತ್ತಿ ಬೇಗ ಇಳಿಸ್ತದೆ, ಹಾಗಾಗಿ ಅಷ್ಟೇ ಡಿಗ್ರಿಯಲ್ಲಿ ಹೆಚ್ಚು ಗಾಳಿ ಬಿಡ್ತದೆ, ಆದ್ರೆ ಸ್ಪ್ರಿಂಗಿಗೆ, ಟ್ಯಾಪೆಟಿಗೆ ಹೊಡೆತವೂ ಹೆಚ್ಚು.

ಕಾರ್ಡಲ್ಲಿ 20/60, 60/20 ಅಂತ ಉಂಟು. ಇದನ್ನು ಓದುದು ಹೇಗೆ?

ಮೊದಲಿನದ್ದು ಇನ್‌ಟೇಕ್, ಗಾಳಿ ಒಳಗೆ ಬಿಡುವ ವಾಲ್ವ್. ಪಿಸ್ಟನ್ ಟಿಡಿಸಿಗೆ (ಅದರ ಓಟದ ಮೇಲಿನ ತುದಿ) ಬರ್ಲಿಕ್ಕೆ 20 ಡಿಗ್ರಿ ಇರುವಾಗಲೇ ತೆರೀತದೆ, ಬಿಡಿಸಿ (ಕೆಳಗಿನ ತುದಿ) ದಾಟಿ 60 ಡಿಗ್ರಿ ಆದ ಮೇಲೆ ಮುಚ್ತದೆ. ಮಧ್ಯದಲ್ಲಿ ಒಂದು ಪೂರ್ತಿ ಸ್ಟ್ರೋಕ್ 180, ಒಟ್ಟು 20+180+60, ಅಂದ್ರೆ 260 ಡ್ಯುರೇಶನ್. ಅದರ ಅರ್ಧ 130, ಅದರಿಂದ 20 ಕಳೆದ್ರೆ 110, ಟಿಡಿಸಿ ದಾಟಿ 110 ಡಿಗ್ರಿಯಲ್ಲಿ ಪೂರ್ತಿ ಲಿಫ್ಟ್, ಇದು ಇನ್‌ಟೇಕ್ ಸೆಂಟರ್‌ಲೈನ್. ಹೊಗೆ ಹೊರಗೆ ಬಿಡುವ ಎಕ್ಸಾಸ್ಟ್ ಬಿಡಿಸಿಗೆ 60 ಡಿಗ್ರಿ ಮೊದಲು ತೆರೆದು ಟಿಡಿಸಿ ದಾಟಿ 20ಕ್ಕೆ ಮುಚ್ತದೆ, ಅದೂ 260. ಲೋಬ್ ಎರಡು ಬದಿಯೂ ಒಂದೇ ಆಕಾರ ಇದ್ರೆ ಮಾತ್ರ ಈ ಅರ್ಧದ ಲೆಕ್ಕ ಸರಿಯಾಗಿ ಕೂರುದು.

ಓವರ್‌ಲ್ಯಾಪ್, ಎಲ್‌ಎಸ್‌ಎ ಅಂತ ತಲೆ ತಿಂತಾರೆ. ನಮಗೆಂತಕ್ಕೆ ಅದು?

ಐಡ್ಲಿಂಗ್ ಸರಿ ಬೇಕು ಅಂತಾದ್ರೆ ಬೇಕು. ಮೇಲಿನ ಉದಾಹರಣೆಯಲ್ಲಿ ಟಿಡಿಸಿ ಹತ್ರ 20+20, ಒಟ್ಟು 40 ಡಿಗ್ರಿ ಎರಡೂ ವಾಲ್ವ್ ಒಟ್ಟಿಗೆ ತೆರೆದಿರ್ತದೆ, ಅದು ಓವರ್‌ಲ್ಯಾಪ್. ಇನ್‌ಟೇಕ್ ಲೋಬಿನ ಮಧ್ಯ ಮತ್ತೆ ಎಕ್ಸಾಸ್ಟ್ ಲೋಬಿನ ಮಧ್ಯ ಇವೆರಡರ ನಡುವಿನ ಕೋನ ಎಲ್‌ಎಸ್‌ಎ, ಇದೊಂದು ಮಾತ್ರ ಕ್ಯಾಮ್ ಡಿಗ್ರಿಯಲ್ಲಿ ಹೇಳುದು. ಲೆಕ್ಕ ಸುಲಭ, ಎರಡು ಡ್ಯುರೇಶನಿನ ಸರಾಸರಿಯಿಂದ ಎಲ್‌ಎಸ್‌ಎಯ ಎರಡರಷ್ಟು ಕಳೀರಿ. ಇಲ್ಲಿ ಎಲ್‌ಎಸ್‌ಎ 110, 260ರಿಂದ 220 ಕಳೆದ್ರೆ 40.

ಮೇಲಿನ ಆರ್‌ಪಿಎಂನಲ್ಲಿ ಹೊರಗೆ ಹೋಗುವ ಎಕ್ಸಾಸ್ಟ್ ಹೊಸ ಗಾಳಿಯನ್ನು ಎಳ್ಕೊಳ್ತದೆ, ಅಲ್ಲಿ ಓವರ್‌ಲ್ಯಾಪ್ ಒಳ್ಳೇದೇ. ಐಡ್ಲಿಂಗಲ್ಲಿ ಉಲ್ಟಾ, ಮ್ಯಾನಿಫೋಲ್ಡ್ (ಗಾಳಿ ಬರುವ ಪೈಪು) ವ್ಯಾಕ್ಯೂಮ್ ಎಕ್ಸಾಸ್ಟನ್ನೇ ವಾಪಸ್ ಒಳಗೆ ಎಳೀತದೆ, ಎಂಜಿನ್ ತೂರಾಡ್ತದೆ, ವ್ಯಾಕ್ಯೂಮ್ ಇಳಿದು ಬ್ರೇಕ್ ಬೂಸ್ಟರ್ ವೀಕ್ ಆಗಿ ಪೆಡಲ್ ಗಟ್ಟಿ ಆಗ್ತದೆ. ಆಗುಂಬೆಯ 14 ತಿರುವು ಇಳಿಯುವವರಿಗೆ ಗಟ್ಟಿ ಪೆಡಲ್ ಸಣ್ಣ ವಿಷಯ ಅಲ್ಲ, ದಯವಿಟ್ಟು ಇದನ್ನು ಲೈಟಾಗಿ ತಗೊಳ್ಬೇಡಿ.

ಕೆಲವು ಕ್ಯಾಮಲ್ಲಿ ಎಕ್ಸಾಸ್ಟ್ ಡ್ಯುರೇಶನ್ ಯಾಕೆ ಜಾಸ್ತಿ?

ಎಕ್ಸಾಸ್ಟ್ ಪೋರ್ಟ್ ಅಥವಾ ಸೈಲೆನ್ಸರ್ ಟೈಟ್ ಇರುವ ಎಂಜಿನಲ್ಲಿ ಹೊಗೆ ಹೊರಗೆ ಹೋಗ್ಲಿಕ್ಕೆ ಹೆಚ್ಚು ಹೊತ್ತು ಕೊಡುದು. ತುಂಬ ಬೇಗ ತೆರೆದ್ರೆ ಪಿಸ್ಟನನ್ನು ಕೆಳಗೆ ತಳ್ಳಬೇಕಾದ ಒತ್ತಡವೇ ಸೈಲೆನ್ಸರಿಗೆ ಹೋಗ್ತದೆ.

ರೋಡ್ ಗಾಡಿಗೆ ಎಷ್ಟು ಡಿಗ್ರಿ ಸರಿ? ಒಂದು ನಂಬರ್ ಕೊಡಿ ಸಾಕು

1.27 ಮಿಲಿಮೀಟರಲ್ಲಿ ಅಳೆದದ್ದು ಅಂತ ಇಟ್ಕೊಂಡು, ಸಣ್ಣ ನಾಲ್ಕು ಸಿಲಿಂಡರ್ ಪೆಟ್ರೋಲಿಗೆ ಅಂದಾಜು: 190ರಿಂದ 205 ಕಂಪನಿ ಕೊಟ್ಟ ತರದ್ದು, 210ರಿಂದ 225 ರೋಡಲ್ಲಿ ಓಡಿಸ್ಲಿಕ್ಕೆ ಆಗುವ ಚುರುಕು ಕ್ಯಾಮ್, 230ರಿಂದ 250 ರ‍್ಯಾಲಿ ಗಾಡಿಯದ್ದು, 260 ದಾಟಿದ್ರೆ ಟ್ರ್ಯಾಕಿಗೆ ಮಾತ್ರ. ಎಂಜಿನ್ ಸಣ್ಣ ಆದಷ್ಟೂ ಅದೇ ಡಿಗ್ರಿ ಹೆಚ್ಚು ಕಾಡ್ತದೆ. 796 ಸಿಸಿಯ ಮಾರುತಿ 800ಗೆ ತಡೆಯದ ಕ್ಯಾಮ್ 1298 ಸಿಸಿಯ ಜಿಪ್ಸಿಯಲ್ಲಿ ಓಡ್ಲಿಕ್ಕೆ ಸಾಕು. ಸಿಲಿಂಡರಿಗೆ ನಾಲ್ಕು ವಾಲ್ವ್ ಇದ್ರೆ ಕಮ್ಮಿ ಡ್ಯುರೇಶನಲ್ಲೇ ಗಾಳಿ ಸಾಕಾಗ್ತದೆ.

## ಕ್ಯಾಮ್ ತಗೊಳ್ಳುವ ಮೊದಲು

ಲಿಫ್ಟ್ ಎಷ್ಟರವರೆಗೆ ಏರಿಸಿದ್ರೆ ಪ್ರಯೋಜನ?

ವಾಲ್ವ್ ತಲೆಯ ವ್ಯಾಸದ ಕಾಲು ಭಾಗ ಲಿಫ್ಟ್ ಆದಾಗ ಸುತ್ತ ತೆರೆದ ಜಾಗ ವಾಲ್ವಿನ ವಿಸ್ತೀರ್ಣದಷ್ಟೇ ಆಗ್ತದೆ. 32 ಮಿಲಿಮೀಟರ್ ವಾಲ್ವಿಗೆ ಅದು 8, 36ಕ್ಕೆ 9. ಅಲ್ಲಿಂದ ಮೇಲೆ ಗಾಳಿಯನ್ನು ತಡೆಯುದು ಪೋರ್ಟು, ವಾಲ್ವ್ ಅಲ್ಲ. ಆದ್ರೂ ರೇಸ್ ಎಂಜಿನಲ್ಲಿ ಇದಕ್ಕಿಂತ ಹೆಚ್ಚು ಇಡ್ತಾರೆ, ಯಾಕಂದ್ರೆ ತುದಿಯ ಲಿಫ್ಟ್ ಇರುದು ಒಂದು ಕ್ಷಣ, ತುದಿ ಎತ್ತರ ಆದ್ರೆ ಮಧ್ಯದ ಲಿಫ್ಟಲ್ಲಿ ವಾಲ್ವ್ ಹೆಚ್ಚು ಹೊತ್ತು ಇರ್ತದೆ.

ದೊಡ್ಡ ಕ್ಯಾಮ್ ಹಾಕಿದ ಮೇಲೆ ಗೇಜಲ್ಲಿ ಕಂಪ್ರೆಶನ್ ಕಮ್ಮಿ ತೋರಿಸ್ತದೆ. ರಿಂಗ್ ಹೋಯ್ತಾ?

ಎಂಜಿನ್ ಬಿಚ್ಚುವ ಮೊದಲು ಇದು ಓದಿ. ಕಂಪ್ರೆಶನ್ ಶುರು ಆಗುದು ಬಿಡಿಸಿಯಿಂದ ಅಲ್ಲ, ಇನ್‌ಟೇಕ್ ವಾಲ್ವ್ ಮುಚ್ಚಿದ ಮೇಲೆ. ಪಿಸ್ಟನ್ ಮೇಲೆ ಬರ್ತಾ ಉಂಟು, ವಾಲ್ವ್ ಇನ್ನೂ ತೆರೆದೇ ಉಂಟು ಅಂತಾದ್ರೆ ನಿಧಾನ ಆರ್‌ಪಿಎಂನಲ್ಲಿ ಗಾಳಿ ವಾಪಸ್ ಮ್ಯಾನಿಫೋಲ್ಡಿಗೆ ಹೋಗ್ತದೆ.

ಲೆಕ್ಕ ಹಾಕಿ ನೋಡುವ. ಸ್ಟ್ರೋಕ್ 75.5 ಮಿಲಿಮೀಟರ್, ಕನೆಕ್ಟಿಂಗ್ ರಾಡ್ 120, ಕಂಪ್ರೆಶನ್ ರೇಶಿಯೋ 9 ಅಂತ ಇಟ್ಕೊಳ್ಳಿ. ಇನ್‌ಟೇಕ್ ಬಿಡಿಸಿ ದಾಟಿ 60 ಡಿಗ್ರಿಗೆ ಮುಚ್ಚಿದ್ರೆ ಉಳಿಯುವ ಸ್ಟ್ರೋಕ್ ಸುಮಾರು 61 ಮಿಲಿಮೀಟರ್, ಎಂಜಿನಿಗೆ ನಿಜವಾಗಿ ಸಿಗುವ ರೇಶಿಯೋ 7.5. ಅದೇ 75 ಡಿಗ್ರಿಗೆ ಮುಚ್ಚುವ ಕ್ಯಾಮ್ ಹಾಕಿದ್ರೆ ಉಳಿಯುದು 53 ಮಿಲಿಮೀಟರ್, ರೇಶಿಯೋ 6.6ಕ್ಕೆ ಇಳೀತದೆ. ಪಿಸ್ಟನ್, ರಿಂಗ್, ಹೆಡ್ ಯಾವುದೂ ಬದಲಾಗ್ಲಿಲ್ಲ, ಆದ್ರೂ ಗೇಜಿನ ಮುಳ್ಳು ಕೆಳಗೆ. ಕೆಳಗಿನ ಟಾರ್ಕ್ ಎಲ್ಲಿ ಹೋಯ್ತು ಅಂತ ಕೇಳುವವರಿಗೆ ಉತ್ತರವೂ ಇದೇ.

ವೇಗ ಏರಿದಾಗ ಗಾಳಿಗೆ ತನ್ನದೇ ಓಟ ಇರ್ತದೆ, ಪಿಸ್ಟನ್ ಮೇಲೆ ಬರ್ತಾ ಇದ್ರೂ ಅದು ಒಳಗೆ ನುಗ್ತಾ ಇರ್ತದೆ, ಆಗ ಲೇಟಾಗಿ ಮುಚ್ಚುದು ಲಾಭ. ಅದಕ್ಕೇ ಕಾರ್ಡಲ್ಲಿ ಒಂದೇ ನಂಬರ್ ನೋಡ್ಲಿಕ್ಕೆ ಆಗುದು ಅಂತಾದ್ರೆ ನಾನು ನೋಡುದು ಇನ್‌ಟೇಕ್ ಮುಚ್ಚುವ ಡಿಗ್ರಿ, ಡ್ಯುರೇಶನಿಗಿಂತಲೂ ಮೊದಲು. ದೊಡ್ಡ ಕ್ಯಾಮ್ ಹಾಕುವವರು ಹೆಡ್ ಸ್ಕಿಮ್ ಮಾಡಿಸಿ (ಅಡಿಯನ್ನು ತೆಳು ತೆಗೆಸಿ) ಅಥವಾ ಪಿಸ್ಟನ್ ಬದಲಿಸಿ ರೇಶಿಯೋ ಏರಿಸುದು ಈ ನಷ್ಟ ತುಂಬ್ಲಿಕ್ಕೆ. ಟೊಯೋಟಾ ಹೈಬ್ರಿಡಿನ ಅಟ್ಕಿನ್ಸನ್ ಸೈಕಲ್ ಎಂಜಿನಲ್ಲಿ ಬೇಕು ಅಂತಲೇ ಇನ್‌ಟೇಕ್ ಲೇಟಾಗಿ ಮುಚ್ಚಿಸಿ ಪೆಟ್ರೋಲ್ ಉಳಿಸ್ತಾರೆ, ಕೆಳಗಿನ ಟಾರ್ಕಿನ ಕೊರತೆಯನ್ನು ಮೋಟಾರು ತುಂಬ್ತದೆ.

ರಿಂಗ್ ಡೌಟ್ ಇದ್ರೆ ಸಿಲಿಂಡರಿಗೆ ಸ್ವಲ್ಪ ಆಯಿಲ್ ಬಿಟ್ಟು ಮತ್ತೆ ಗೇಜ್ ಹಾಕಿ. ಎಲ್ಲಾ ಸಿಲಿಂಡರಲ್ಲೂ ಸಮ ಇಳಿದಿದ್ದು ಆಯಿಲ್ ಹಾಕಿದ್ರೂ ದೊಡ್ಡ ವ್ಯತ್ಯಾಸ ಬಾರದಿದ್ರೆ ಅದು ಕ್ಯಾಮಿನದ್ದು.

ಬೈಕಂಪಾಡಿ ಯೆಯ್ಯಾಡಿ ಇಂಡಸ್ಟ್ರಿಯಲ್ ಏರಿಯಾ ಕಡೆ ಎಲ್ಲಿಯಾದ್ರೂ ನಮ್ಮ ಹಳೇ ಕ್ಯಾಮನ್ನೇ ಗ್ರೈಂಡ್ ಮಾಡಿಸಿದ್ರೆ ಆಗ್ಲಿಕ್ಕಿಲ್ವಾ?

ಆಗ್ತದೆ, ಕ್ಯಾಮ್ ಗ್ರೈಂಡಿಂಗ್ ಮೆಶಿನ್ ಮತ್ತೆ ಸರಿಯಾದ ಮಾಸ್ಟರ್ (ನಕಲು ತೆಗೆಯುವ ಮಾದರಿ ಲೋಬ್) ಇದ್ದವರ ಹತ್ರ. ಸಾದಾ ಲೇತಲ್ಲಿ ಒಟ್ರಾಶಿ ತೆಗೆದ್ರೆ ಕ್ಯಾಮ್ ಬಿಸಾಡುದೇ. ಲೋಬಿನ ತುದಿಗೆ ಲೋಹ ಸೇರಿಸ್ಲಿಕ್ಕೆ ಇಲ್ಲ, ಬೇಸ್ ಸರ್ಕಲ್ ಸಣ್ಣ ಮಾಡಿ ಲಿಫ್ಟ್ ಹುಟ್ಟಿಸುದು. ಆಗ ಎರಡು ತೊಂದರೆ ನೋಡ್ಬೇಕು. ಗಟ್ಟಿ ಮಾಡಿದ ಪದರ ಮೇಲ್ಮೈಯಲ್ಲಿ ಮಾತ್ರ ಇರುದು, ಅದು ದಾಟಿ ತೆಗೆದ್ರೆ ಲೋಬ್ ಬೇಗ ಸವೀತದೆ, ಹಾಗಾಗಿ ಹಾರ್ಡ್‌ನೆಸ್ ಚೆಕ್ ಮಾಡಿಸಿ. ಮತ್ತೆ ಟ್ಯಾಪೆಟ್ ಕೆಳಗೆ ಇಳೀತದೆ, ಸ್ಕ್ರೂ ಅಥವಾ ಶಿಮ್ ಅಡ್ಜಸ್ಟ್‌ಮೆಂಟ್ ಸಾಕಾಗ್ಲಿಕ್ಕಿಲ್ಲ, ರಾಕರ್ ವಾಲ್ವ್ ತುದಿಗೆ ತಾಗುವ ಜಾಗವೂ ಬದಲಾಗ್ತದೆ.

ಅಂಬಾಸಿಡರ್, ಪದ್ಮಿನಿ ತರದ ಫ್ಲ್ಯಾಟ್ ಟ್ಯಾಪೆಟ್ ಎಂಜಿನಿಗೆ ಹೊಸ ಕ್ಯಾಮ್ ಹಾಕಿದ್ರೆ ಟ್ಯಾಪೆಟೂ ಹೊಸದೇ ಬೇಕು, ಅಸೆಂಬ್ಲಿ ಲ್ಯೂಬ್ ಬೇಕು, ಸ್ಟಾರ್ಟ್ ಆದ ಕೂಡ್ಲೆ ಐಡ್ಲಿಂಗಲ್ಲಿ ಬಿಡದೆ 2000ದ ಮೇಲೆ 20 ನಿಮಿಷ ಓಡಿಸ್ಬೇಕು. ಮೊದಲ ಕೆಲವು ನಿಮಿಷದಲ್ಲೇ ಲೋಬ್ ಹಾಳಾಗುದು.

ಟ್ಯಾಪೆಟ್ ಗ್ಯಾಪ್ ಹೆಚ್ಚು ಕಮ್ಮಿ ಆದ್ರೆ ಡ್ಯುರೇಶನ್ನೇ ಬದಲಾಗ್ತದೆ ಅಂತಾರೆ, ಹೌದಾ?

ಹೌದು. ಗ್ಯಾಪ್ ಜಾಸ್ತಿ ಆದ್ರೆ ವಾಲ್ವ್ ಲೇಟಾಗಿ ತೆರೆದು ಬೇಗ ಮುಚ್ತದೆ, ಲಿಫ್ಟು ಡ್ಯುರೇಶನ್ನು ಎರಡೂ ಇಳೀತದೆ, ಟಕ ಟಕ ಸೌಂಡ್ ಬರ್ತದೆ. ಗ್ಯಾಪ್ ಕಮ್ಮಿ ಆದ್ರೆ ಸೌಂಡ್ ಇಲ್ಲ, ಅದೇ ಅಪಾಯ, ವಾಲ್ವ್ ಪೂರ್ತಿ ಕೂರದೆ ಸುಟ್ಟು ಹೋಗ್ತದೆ. ಸಿಎನ್‌ಜಿ ಎಲ್‌ಪಿಜಿ ಹಾಕಿಸಿ ದಿನಾ ಓಡಿಸುವ ಗಾಡಿಯಲ್ಲಿ ವಾಲ್ವ್ ಸೀಟ್ ಸವೆದು ವಾಲ್ವ್ ಮೇಲೆ ಏರಿ ಗ್ಯಾಪ್ ಕಮ್ಮಿ ಆಗ್ತಾ ಬರ್ತದೆ, ಅಂಥವರು ಸೌಂಡಿಗೆ ಕಾಯದೆ ಫೀಲರ್ ಗೇಜ್ ಹಾಕಿಸ್ಬೇಕು.

ಎಂಪಿಎಫ್‌ಐ (ಪೆಟ್ರೋಲ್ ಇಂಜೆಕ್ಷನ್) ಗಾಡಿಗೆ ಬರೀ ಕ್ಯಾಮ್ ಬದಲಿಸಿದ್ರೆ ಇಸಿಯು (ಎಂಜಿನ್ ಕಂಪ್ಯೂಟರ್) ಅಡ್ಜಸ್ಟ್ ಮಾಡ್ಕೊಳ್ತದಾ? ಪಿಯುಸಿ ಪಾಸ್ ಆಗ್ತದಾ?

ಸಣ್ಣ ಬದಲಾವಣೆಯಾದ್ರೆ ಮಾಡ್ಕೊಳ್ತದೆ, ದೊಡ್ಡದಾದ್ರೆ ಇಲ್ಲ. ಮ್ಯಾಪ್ ಸೆನ್ಸರ್ (ಮ್ಯಾನಿಫೋಲ್ಡ್ ಒತ್ತಡ ಅಳೆಯುದು) ಇರುವ ಎಂಜಿನಲ್ಲಿ ವ್ಯಾಕ್ಯೂಮ್ ಇಳಿದ ಕೂಡ್ಲೆ ಇಸಿಯು ಲೋಡ್ ಜಾಸ್ತಿ ಆಯ್ತು ಅಂತ ತಿಳಿದು ಪೆಟ್ರೋಲ್ ಜಾಸ್ತಿ ಬಿಡ್ತದೆ, ಓವರ್‌ಲ್ಯಾಪಲ್ಲಿ ಸುಡದ ಗಾಳಿ ಸೈಲೆನ್ಸರಿಗೆ ಹೋದ್ರೆ ಆಕ್ಸಿಜನ್ ಸೆನ್ಸರ್ ಲೀನ್ (ಪೆಟ್ರೋಲ್ ಕಮ್ಮಿ) ಅಂತ ಓದ್ತದೆ, ಮತ್ತೂ ಪೆಟ್ರೋಲ್. ಟ್ಯೂನಿಂಗ್ ಖರ್ಚು ಸೇರಿಸಿಯೇ ಬಜೆಟ್ ಹಾಕಿ.

ಪಿಯುಸಿ ನೋಡುದು ಐಡ್ಲಿಂಗಲ್ಲಿ, ದೊಡ್ಡ ಕ್ಯಾಮ್ ಕೆಟ್ಟದಾಗಿ ಉಸಿರಾಡುದು ಅಲ್ಲೇ. ಬಿಎಸ್-4 ಪೆಟ್ರೋಲ್ ಕಾರಿಗೆ ಕಾರ್ಬನ್ ಮೊನಾಕ್ಸೈಡ್ 0.3 ಪರ್ಸೆಂಟ್, ಹೈಡ್ರೋಕಾರ್ಬನ್ 200 ಪಿಪಿಎಂ ಮಿತಿ, ಓವರ್‌ಲ್ಯಾಪ್ ಜಾಸ್ತಿ ಆದ್ರೆ ಎರಡನೇದ್ದು ಮೊದಲು ದಾಟುದು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಗಾಡಿಯ ಮೂಲ ವಿವರಕ್ಕೆ ಹೊಂದದ ಬದಲಾವಣೆ ಮಾಡ್ಲಿಕ್ಕೆ ಬಿಡುದಿಲ್ಲ, ಹಾಗಾಗಿ ಕಾಡು ಕ್ಯಾಮ್ ಏನಿದ್ರೂ ಟ್ರ್ಯಾಕಿನ ಗಾಡಿಗೆ ಇರ್ಲಿ.

ಇಲ್ಲಿ ಚೆನ್ನಾಗಿ ಎಳೆಯುವ ಗಾಡಿ ಬೆಂಗಳೂರಿಗೆ ಹೋದ್ರೆ ಸಪ್ಪೆ. ಕ್ಯಾಮಿಂದಲಾ?

ಗಾಳಿಯಿಂದ. ನಾವು ಸಮುದ್ರದ ಮಟ್ಟದಲ್ಲಿ ಇರುದು, ಬೆಂಗಳೂರು 900 ಮೀಟರಿಗಿಂತ ಮೇಲೆ, ಅಲ್ಲಿ ಗಾಳಿಯ ಒತ್ತಡ ಸುಮಾರು 10 ಪರ್ಸೆಂಟ್ ಕಮ್ಮಿ. ಮೊದಲೇ ಲೇಟಾಗಿ ಮುಚ್ಚುವ ಕ್ಯಾಮ್ ಇದ್ರೆ ಅದು ಇನ್ನೂ ಎದ್ದು ಕಾಣ್ತದೆ. ನಮ್ಮಲ್ಲೂ ಮೇ ತಿಂಗಳ ಸೆಕೆಯಲ್ಲಿ ಗಾಳಿಯ ನೀರಾವಿ ಆಕ್ಸಿಜನಿನ ಜಾಗ ಮೂರು ನಾಲ್ಕು ಪರ್ಸೆಂಟ್ ತಿಂತದೆ, ಬೇರೆ ಬೇರೆ ಊರಿನ ಡೈನೋ (ಪವರ್ ಅಳೆಯುವ ಮೆಶಿನ್) ನಂಬರ್ ಹೋಲಿಸುವಾಗ ಇದು ನೆನಪಿರ್ಲಿ.

## ಕೈ ಹಾಕುವವರಿಗೆ

ಟೈಮಿಂಗ್ ಬೆಲ್ಟ್ ಒಂದು ಹಲ್ಲು ಮುಂದೆ ಹಾಕಿದ್ರೆ ಪಿಕಪ್ ಬರ್ತದೆ ಅಂತ ಒಬ್ರು ಹೇಳಿದ್ರು

ಬೇಡ. ಕ್ಯಾಮ್ ಪುಲ್ಲಿಯಲ್ಲಿ 40 ಹಲ್ಲು ಅಂತ ಇಟ್ಕೊಂಡ್ರೆ ಒಂದು ಹಲ್ಲು ಅಂದ್ರೆ ಕ್ಯಾಮಲ್ಲಿ 9 ಡಿಗ್ರಿ, ಕ್ರ್ಯಾಂಕಲ್ಲಿ 18. ಟ್ಯೂನಿಂಗಿಗೆ ಬೇಕಾದ್ದು 2ರಿಂದ 4 ಕ್ರ್ಯಾಂಕ್ ಡಿಗ್ರಿ. ಹೇಳಿದ ತತ್ವ ಸರಿ, ಕ್ಯಾಮ್ ಅಡ್ವಾನ್ಸ್ ಮಾಡಿದ್ರೆ ಇನ್‌ಟೇಕ್ ಬೇಗ ಮುಚ್ಚಿ ಕೆಳಗಿನ ಟಾರ್ಕ್ ಏರ್ತದೆ, ರಿಟಾರ್ಡ್ ಮಾಡಿದ್ರೆ ಮೇಲಿನದ್ದು. ಆದ್ರೆ ಅದಕ್ಕೆ ಅಡ್ಜಸ್ಟಬಲ್ ಪುಲ್ಲಿ ಬೇಕು.

ಡಿಗ್ರಿ ವೀಲ್ (ಕ್ರ್ಯಾಂಕಿಗೆ ಕೂರಿಸುವ ಡಿಗ್ರಿ ಗುರುತಿನ ಚಕ್ರ) ಹಾಕಿ ಚೆಕ್ ಮಾಡುದು ಹೇಗೆ? ಮಾರ್ಕಿಗೆ ಮಾರ್ಕ್ ಕೂರಿಸಿದ್ರೆ ಸಾಲ್ದಾ?

ಸಾಲ್ದು. ಹೆಡ್ ಸ್ಕಿಮ್ ಆಗಿದ್ರೆ, ಬೇರೆ ಕ್ಯಾಮ್ ಹಾಕಿದ್ರೆ ಮಾರ್ಕ್ ಸುಳ್ಳು ಹೇಳ್ತದೆ. ಮೊದಲು ನಿಜವಾದ ಟಿಡಿಸಿ ಹುಡುಕಿ: ಪ್ಲಗ್ ತೂತಿಂದ ಪಿಸ್ಟನ್ ಸ್ಟಾಪರ್ ಹಾಕಿ, ಕೈಯಲ್ಲಿ ಒಂದು ಬದಿಗೆ ತಿರುಗಿಸಿ ತಾಗುವಲ್ಲಿ ಓದಿ, ಇನ್ನೊಂದು ಬದಿಗೂ ಓದಿ, ಎರಡರ ನಡು ಟಿಡಿಸಿ. ಆಮೇಲೆ ಸ್ಟಾಪರ್ ತೆಗೆದು ಡಯಲ್ ಗೇಜನ್ನು ಇನ್‌ಟೇಕ್ ಮೇಲೆ ಕೂರಿಸಿ ಪೂರ್ತಿ ಲಿಫ್ಟಿಗೆ ಸೊನ್ನೆ ಮಾಡಿ. ತುದಿಯಲ್ಲಿ ಮುಳ್ಳು ಕೆಲವು ಡಿಗ್ರಿ ಅಲ್ಲಾಡುದೇ ಇಲ್ಲ, ಅದಕ್ಕೆ ತುದಿಗೆ 50 ಥೌ ಮೊದಲು ಒಂದು ರೀಡಿಂಗ್, ದಾಟಿ 50 ಥೌ ಇಳಿದಾಗ ಇನ್ನೊಂದು. 76 ಮತ್ತೆ 144 ಬಂದ್ರೆ ಸರಾಸರಿ 110, ಅದೇ ನಿಮ್ಮ ಸೆಂಟರ್‌ಲೈನ್. ಕ್ರ್ಯಾಂಕನ್ನು ಓಡುವ ದಿಕ್ಕಿಗೇ ತಿರುಗಿಸಿ ಓದಿ, ಹಿಂದೆ ತಿರುಗಿಸಿದ್ರೆ ಬೆಲ್ಟಿನ ಸಡಿಲ ರೀಡಿಂಗಲ್ಲಿ ಸೇರ್ತದೆ.

ಹಳೇ ವಾಲ್ವ್ ಸ್ಪ್ರಿಂಗೇ ಇಟ್ರೆ ನಡೀತದಾ?

ಲಿಫ್ಟ್ ಏರಿದ್ರೆ ಸ್ಪ್ರಿಂಗ್ ಹೆಚ್ಚು ಒತ್ತಲ್ಪಡ್ತದೆ. ಪೂರ್ತಿ ಲಿಫ್ಟಲ್ಲಿ ಸುರುಳಿಗಳ ಮಧ್ಯೆ ಒಟ್ಟು 1ರಿಂದ 1.5 ಮಿಲಿಮೀಟರ್ ಉಳೀಬೇಕು, ಸುರುಳಿ ಒಂದಕ್ಕೊಂದು ತಾಗಿದ್ರೆ ರಾಕರ್ ಮುರೀತದೆ ಅಥವಾ ಲೋಬ್ ಹೋಗ್ತದೆ. ರಿಟೇನರ್ (ಸ್ಪ್ರಿಂಗ್ ಹಿಡಿಯುವ ಬಿಲ್ಲೆ) ಕೆಳಗಿನ ಅಂಚು ವಾಲ್ವ್ ಸೀಲಿಗೆ ಬಡೀತದಾ ಅಂತಲೂ ನೋಡಿ. ಸ್ಪ್ರಿಂಗ್ ವೀಕ್ ಇದ್ರೆ ಮೇಲಿನ ಆರ್‌ಪಿಎಂನಲ್ಲಿ ವಾಲ್ವ್ ಲೋಬನ್ನು ಬಿಟ್ಟು ತೇಲ್ತದೆ, ಆಗ ಕಾರ್ಡಲ್ಲಿ ಎಂಥ ಬರೆದಿದ್ರೂ ಉಪಯೋಗ ಇಲ್ಲ.

ಪಿಸ್ಟನಿಗೆ ವಾಲ್ವ್ ತಾಗುದಿಲ್ಲ ಅಂತ ಗ್ಯಾರಂಟಿ ಮಾಡ್ಕೊಳ್ಳುದು ಹೇಗೆ?

ಅಂದಾಜಲ್ಲಿ ಅಲ್ಲ, ಅಳೆದೇ. ಪಿಸ್ಟನ್ ಮೇಲೆ ವಾಲ್ವ್ ಬರುವ ಜಾಗದಲ್ಲಿ ಮಕ್ಕಳು ಆಡುವ ಕ್ಲೇ ಅಂಟಿಸಿ, ವಾಲ್ವಿಗೆ ಸ್ವಲ್ಪ ಆಯಿಲ್ ಹಚ್ಚಿ, ಹಾಕಲಿಕ್ಕಿರುವ ದಪ್ಪದ್ದೇ ಹಳೇ ಗ್ಯಾಸ್ಕೆಟ್ ಇಟ್ಟು ಹೆಡ್ ಟೈಟ್ ಮಾಡಿ, ಟೈಮಿಂಗ್ ಕೂರಿಸಿ, ಸ್ಪ್ಯಾನರಲ್ಲಿ ಕ್ರ್ಯಾಂಕನ್ನು ನಿಧಾನ ಎರಡು ಸುತ್ತು ತಿರುಗಿಸಿ. ಎಲ್ಲಿಯಾದ್ರೂ ಗಟ್ಟಿ ತಡೆದ್ರೆ ಒತ್ತಬೇಡಿ. ಬಿಚ್ಚಿ ಕ್ಲೇಯನ್ನು ಬ್ಲೇಡಲ್ಲಿ ಕೊಯ್ದು ತೆಳು ಜಾಗ ಅಳೆಯಿರಿ, ಇನ್‌ಟೇಕ್ ಕಡೆ 2 ಮಿಲಿಮೀಟರ್, ಬಿಸಿಗೆ ಉದ್ದ ಆಗುವ ಎಕ್ಸಾಸ್ಟ್ ಕಡೆ 2.5 ಇದ್ರೆ ಸೇಫ್. ಹೈಡ್ರಾಲಿಕ್ ಟ್ಯಾಪೆಟ್ ಇದ್ರೆ ಅದು ಕುಸಿದು ಸುಳ್ಳು ಅಳತೆ ಕೊಡ್ತದೆ, ಚೆಕ್ ಮಾಡುವಾಗ ಮೆತ್ತಗಿನ ಸ್ಪ್ರಿಂಗ್ ಹಾಕಿ.

ತಾಗುವ ಅಪಾಯ ಪೂರ್ತಿ ಲಿಫ್ಟಲ್ಲಿ ಅಲ್ಲ, ಆಗ ಪಿಸ್ಟನ್ ತುಂಬ ಕೆಳಗೆ ಇರ್ತದೆ. ಓವರ್‌ಲ್ಯಾಪಿನ ಹೊತ್ತಲ್ಲಿ, ಟಿಡಿಸಿಯ 10 ಡಿಗ್ರಿ ಆಚೆ ಈಚೆ. ಟಿಡಿಸಿಗೆ ಮೊದಲು ಮುಚ್ತಾ ಇರುವ ಎಕ್ಸಾಸ್ಟನ್ನು ಪಿಸ್ಟನ್ ಅಟ್ಟಿಸ್ಕೊಂಡು ಬರ್ತದೆ, ದಾಟಿದ ಮೇಲೆ ತೆರೀತಾ ಇರುವ ಇನ್‌ಟೇಕ್ ಪಿಸ್ಟನನ್ನು ಅಟ್ಟಿಸ್ಕೊಂಡು ಹೋಗ್ತದೆ. ಹಾಗಾಗಿ ಲಿಫ್ಟ್ ಅಷ್ಟೇ ಇದ್ರೂ ಡ್ಯುರೇಶನ್ ಏರಿದ್ರೆ, ಎಲ್‌ಎಸ್‌ಎ ಇಳಿದ್ರೆ, ಕ್ಯಾಮ್ ಅಡ್ವಾನ್ಸ್ ಮಾಡಿದ್ರೆ ಇನ್‌ಟೇಕ್ ಗ್ಯಾಪ್ ಕಮ್ಮಿ ಆಗ್ತದೆ. ಹೆಡ್ ಸ್ಕಿಮ್ ಮಾಡಿಸಿದ್ರೂ ತೆಳು ಗ್ಯಾಸ್ಕೆಟ್ ಹಾಕಿದ್ರೂ ಎರಡೂ ಕಡೆ ಕಮ್ಮಿ ಆಗ್ತದೆ. ವಿವಿಟಿ ಇರುವ ಎಂಜಿನಲ್ಲಿ ಇನ್‌ಟೇಕ್ ಕ್ಯಾಮನ್ನು ಪೂರ್ತಿ ಅಡ್ವಾನ್ಸ್ ಜಾಗದಲ್ಲಿ ಲಾಕ್ ಮಾಡಿ ಇನ್ನೊಮ್ಮೆ ಅಳೆಯಿರಿ, ಪಾರ್ಕ್ ಪೊಸಿಶನಲ್ಲಿ (ಎಂಜಿನ್ ನಿಂತಾಗ ಕ್ಯಾಮ್ ಇರುವ ಜಾಗ) ಸಿಕ್ಕಿದ ಗ್ಯಾಪ್ ಓಡುವಾಗ ಇರುದಿಲ್ಲ.